ಬ್ರೇಕಿಗೆ ಶರಣೆಂದ ನಮ್ಮತ್ತೆ

ನಮ್ಮತ್ತೆ ನೀಲವ್ವ ನಡೆದದ್ದಕ್ಕಿಂತ ಬಗ್ಗಿದ್ದೇ ಹೆಚ್ಚು. ಕಾಲಿಗೆ ಮೊರ ತಾಗಲಿ, ಕಸಬರಿಗೆ ತಾಗಲಿ, ತಟ್ಟನೆ ಬಗ್ಗಿ, ಮುಟ್ಟಿ, ಕಣ್ಣಿಗೊತ್ತಿಕೊಂಡು "ಶರಣು ನಮ್ಮವ್ವಾ" ಅನ್ನಬೇಕು. ಒಮ್ಮೆ ಕೌಜಲಗಿ ಸಂತೆಯಲ್ಲಿ ಬದನೆಕಾಯಿ ಬುಟ್ಟಿಗೆ ಕಾಲು ತಾಗಿತು. ಕೈ ಮುಗಿದಳು. ಮಾರುವವಳು ತನಗೇ ಮುಗಿದಳೆಂದು ತಿಳಿದು, "ಇರ್ಲಿ ಬಿಡ್ರಿ ಯಕ್ಕಾ" ಅಂದಳು. "ನಿನಗಲ್ಲವ್ವಾ, ಬದ್ನಿಕಾಯಿಗೆ!" ಅಂದುಬಿಟ್ಟಳು ನಮ್ಮತ್ತೆ.

ನಾನು ಎರಡನೇ ಇಯತ್ತೆ ಕಲಿತವಳು, ಬರೆದು ರೂಢಿಯಿಲ್ಲ. ಆದರೆ ಮೊನ್ನೆಯಿಂದ ಹಿಗ್ಗು ಹೊಟ್ಟೆಯೊಳಗೆ ನಿಲ್ಲುತ್ತಿಲ್ಲ. ಮುತ್ತಜ್ಜಿ ಆಗಿದ್ದೇನೆ! ಅದಕ್ಕೇ ಅತ್ತೆ ನೆನಪಾದಳು.

ನನ್ನ ಚೊಚ್ಚಲ ಬಸಿರು. ನಮ್ಮ ಮನೆಯವರು ಹಳೆಯ ಮೋಟಾರೊಂದನ್ನು ಬಾಡಿಗೆಗೆ ಓಡಿಸುತ್ತಿದ್ದರು. ಮರುದಿನ ನನ್ನನ್ನು ಹುಕ್ಕೇರಿಯ ತವರಿಗೆ ಬಿಡಬೇಕೆಂದು ಅಂಗಳದಲ್ಲಿ ಗಾಲಿ ಬಿಚ್ಚಿ, ಬ್ರೇಕಿನ ಎಣ್ಣೆ ಸೋರುತ್ತಿದ್ದ ಸಿಲಿಂಡರ್ ತೆಗೆದು ಹೊಸದು ಕೂಡಿಸುತ್ತಿದ್ದರು. ಅಷ್ಟರಲ್ಲಿ, ತಿಂಗಳು ತುಂಬುವ ಮೊದಲೇ, ನನಗೆ ನೋವು ಬಂತು. ಸೂಲಗಿತ್ತಿ ಹೊಟ್ಟೆ ಸವರಿ ಮುಖ ಸಣ್ಣದು ಮಾಡಿದಳು.

"ಕೂಸು ಅಡ್ಡ ಐತ್ರಿ. ನನ್ನ ಕೈಲೆ ಆಗಂಗಿಲ್ಲ. ಲಗೂನ ಗೋಕಾಕ ದವಾಖಾನಿಗೆ ಒಯ್ರಿ."

ಬಸ್ಸು ಹೋಗಿಯಾಗಿತ್ತು. ಇದ್ದದ್ದು ಅದೇ ಮೋಟಾರು. ಹಾದಿಯಲ್ಲಿ ಇಳಿಜಾರು ಬೇರೆ; ಬ್ರೇಕಿಲ್ಲದೆ ಹೊರಡುವಂತಿಲ್ಲ.

ಹೊಸ ಸಿಲಿಂಡರ್ ಕೂತಿತು, ಗಾಲಿಯೂ ಏರಿತು. ಇನ್ನು ಎಣ್ಣೆಯ ಕೊಳವೆಯೊಳಗೆ ಸೇರಿದ ಗಾಳಿ ಹೊರಗೆ ಹಾಕಬೇಕು, ಇಲ್ಲದಿದ್ದರೆ ಬ್ರೇಕು ಹಿಡಿಯದು. ಒಬ್ಬರು ಬ್ರೇಕು ತುಳಿದು ಹಿಡಿದಿರಬೇಕು; ಇನ್ನೊಬ್ಬರು ಗಾಲಿಯ ಹಿಂದಿನ ಸ್ಕ್ರೂ ಸಡಿಲಿಸಿ, ಗಾಳಿ ಬಿಟ್ಟು, ಬಿಗಿಯಬೇಕು. ಬಿಗಿಯುವ ತನಕ ಕಾಲು ತೆಗೆಯಕೂಡದು. ತುಳಿಯಲು ಕೂತವಳು ನಮ್ಮತ್ತೆ.

"ಯವ್ವಾ, ತುಳಿ! ಹಿಡಿ!"

"ಹಿಡದೇನೋ!"

ಮತ್ತೆ ಅದೇ, ಮತ್ತೆ ಅದೇ. ಬ್ರೇಕು ಮಾತ್ರ ನಾದಿದ ಹಿಟ್ಟಿನಂತೆ ಮೆತ್ತಗೇ ಇತ್ತು. ಗಾಲಿಯ ಬುಡದಲ್ಲಿ ಮಲಗಿದ್ದ ಮನೆಯವರು "ಹೊಸಾದೂ ಸೋರಾಕತ್ತೈತೋ ಏನೋ" ಎಂದು ಎಲ್ಲ ಬಿಚ್ಚಲು ಹೊರಟರು. ಬಿಚ್ಚಿದ್ದರೆ ಇವತ್ತು ಇದನ್ನು ಬರೆಯಲು ನಾನಿರುತ್ತಿರಲಿಲ್ಲ.

ಕಟ್ಟೆಯ ಕಂಬ ಹಿಡಿದು ಹಲ್ಲು ಕಚ್ಚಿ ನಿಂತಿದ್ದ ನನಗೆ ಅತ್ತೆ ಕಾಣುತ್ತಿದ್ದಳು. ತುಳಿಯುತ್ತಾಳೆ, ತಟ್ಟನೆ ಕಾಲು ಎತ್ತುತ್ತಾಳೆ, ಬಗ್ಗಿ ಬ್ರೇಕು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಾಳೆ! ಹೊರಗೆ ಬಂದ ಗಾಳಿ ಮತ್ತೆ ಒಳಗೆ!

"ಏನ್ರೀ... ಅತ್ತಿ ಶರಣು ಮಾಡಾಕತ್ತಾರ್ರೀ!" ಎಂದು ಚೀರಿದೆ.

"ಯವ್ವಾ! ಕಾಲ್ ಯಾಕ ತಗೀತಿ?"

"ದಸರಾದ ಖಂಡೇಪೂಜಿಗೆ ಕಾಯಿ ಒಡದ ಗಾಡಿ ಇದು. ತುಳದು ಸುಮ್ನ ಕುಂದ್ರಲೇನೋ?"

"ಕಾಲ್ ಅಲ್ಲೇ ಇರ್ಲಿ! ಕೈ ಖಾಲಿ ಅದಾವಲ್ಲ, ಕೈ ಮುಗಿ!"

ಅತ್ತೆ ಕಾಲು ಒತ್ತಿ, ಕೈ ಮುಗಿದು, ಕಣ್ಣು ಮುಚ್ಚಿದಳು. "ತಪ್ಪಾತು ನಮ್ಮಪ್ಪಾ. ನನ್ನ ಸೊಸೀನ ಉಳಸು." ಬ್ರೇಕು ಕಲ್ಲಿನಂತೆ ಗಟ್ಟಿಯಾಯಿತು.

ಹೊರಟೆವು. ಇಳಿಜಾರಿನಲ್ಲಿ ಎಮ್ಮೆಗಳು ಅಡ್ಡ ಬಂದವು. ಅತ್ತೆ ಎರಡೂ ಕೈಯಿಂದ ನನ್ನ ಹೊಟ್ಟೆ ಹಿಡಿದಳು. ಮೋಟಾರು ಎಮ್ಮೆಯ ಬಾಲದ ಹತ್ತಿರ ಗಕ್ಕನೆ ನಿಂತಿತು.

ದವಾಖಾನೆಯಲ್ಲಿ ಮಗಳು ಹುಟ್ಟಿದಳು. ಎತ್ತಿಕೊಂಡ ಅತ್ತೆಯ ಕೆನ್ನೆಗೆ ಕೂಸು ಒದೆಯಿತು. ಅತ್ತೆ ಆ ಪಾದ ಹಿಡಿದು ತನ್ನ ಕಣ್ಣಿಗೊತ್ತಿಕೊಂಡಳು.

ಅತ್ತೆ ಹೋಗಿ ಎಷ್ಟೋ ಕಾಲವಾಯಿತು. ಮೊನ್ನೆ ಆ ಮಗಳ ಮಗಳು ಹೆತ್ತಳು. ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಬಗ್ಗಿದೆ, ಮುಖಕ್ಕೇ ಒದೆಯಿತು! ಎಲ್ಲರೂ ನಕ್ಕರು. ನನ್ನ ಕೈ ತಾನಾಗಿ ಆ ಪಾದ ಹಿಡಿದು ಕಣ್ಣಿಗೊತ್ತಿತು. ಬಾಯಿಂದ ಬಂದದ್ದೂ ಅವಳ ಮಾತೇ:

"ಶರಣು ನಮ್ಮವ್ವಾ."