ಮಾಸು ನೋಡುವ ಅಮೆರ್ಸೂದಾ

ಲೆಸ್ವೋಸ್ ದ್ವೀಪದ ಆ ಹಳ್ಳಿಯಲ್ಲಿ ಸೂಲಗಿತ್ತಿ ಅಮೆರ್ಸೂದಾಳ ಹಟ ಎಲ್ಲರಿಗೂ ಗೊತ್ತಿತ್ತು. ಕೂಸು ಹುಟ್ಟಿತೆಂದು ಮನೆಯವರೆಲ್ಲ ಕುಣಿದಾಡುತ್ತಿದ್ದರೆ ಇವಳು ಕೂಸಿನ ಬೆನ್ನಿಗೇ ಬೀಳುವ ಮಾಸನ್ನು ತಟ್ಟೆಯಲ್ಲಿ ಹರವಿಕೊಂಡು ಅಂಚಿನುದ್ದಕ್ಕೂ ಬೆರಳಾಡಿಸುತ್ತ ಕೂತುಬಿಡುವಳು. ಅದು ಇಡಿಯಾಗಿದೆ ಎಂದು ಮನದಟ್ಟಾಗುವವರೆಗೆ ಯಾರಿಗೂ ಒಂದು ಗುಟುಕು ಊಜೋ ಸಾರಾಯಿಯನ್ನೂ ಸುರಿಯಗೊಡಳು. ನಗುವವರು ನಗಲಿ! ನಲವತ್ತೈದು ವರ್ಷದ ಹಿಂದೆ ಸ್ವಂತ ಅಕ್ಕನ ಮಾಸನ್ನು ನೋಡದೆಯೇ ಹೂತುಬಂದಿದ್ದಳು. ಒಳಗುಳಿದ ಚೂರು ಮೂರೇ ದಿನಕ್ಕೆ ಅಕ್ಕನ ಪ್ರಾಣ ತೆಗೆಯಿತು.

ಆ ಹೆರಿಗೆಯಲ್ಲಿ ಬದುಕುಳಿದ ಕೂಸಿನ ಮಗಳೇ ರಾನಿಯಾ. ಕ್ರಿಸ್‌ಮಸ್‌ನ ಹಿಂದಿನ ದಿನ ಬೆಳಿಗ್ಗೆ ಅವಳಿಗೆ ಹೆರಿಗೆಯಾಯಿತು. ಅಥೆನ್ಸಿನಿಂದ ಹೊಸದಾಗಿ ಬಂದಿದ್ದ ಡಾಕ್ಟರ್ ಅರ್ಗೀರಿಸ್ ಕೈ ತೊಳೆದು ಕೋಟು ಹಾಕಿಕೊಳ್ಳುತ್ತಿದ್ದ.

"ಎಲ್ಲ ಮುಗೀತು ಅಜ್ಜಿ. ನಾನಿನ್ನು ಬರ್ತೀನಿ."

"ಏನ್ ಬರೋದು? ಇಲ್ನೋಡು, ಈ ಅಂಚಲ್ಲಿ ಒಂದು ಚೂರಿಲ್ಲ."

"ಎಲ್ಲೋ ಹರಿದಿರುತ್ತೆ, ಬಿಡಿ."

"ಬಿಡೋದಾ? ಹಬ್ಬಕ್ಕೆ ನಾನು ಬೇಯಿಸಿ ತಂದಿರೋ ಪ್ಲಾತ್ಸೆಂತಾ ಸಿಹಿತಿಂಡೀಲಿ ಯಾರಾದ್ರೂ ಒಂದು ತುಂಡು ಕದ್ರೆ ಕುರುಡಿಗೂ ಗೊತ್ತಾಗುತ್ತೆ. ನಿಂಗೆ ಕಣ್ಣಿದ್ದೂ ಕಾಣಲ್ವೇನೋ?"

ಅಷ್ಟರಲ್ಲಿ ರಾನಿಯಾಳ ಮುಖ ಬಿಳಿಚಿಕೊಂಡಿತು. ಹಾಸಿದ ಬಟ್ಟೆ ಮತ್ತೆ ಕೆಂಪಾಗುತ್ತಿತ್ತು. ಡಾಕ್ಟರ್ ಕೋಟು ಬಿಸಾಕಿದ. ಅವನು ಒಳಗೆ ಕೈಹಾಕಿ ಹುಡುಕುವಷ್ಟು ಹೊತ್ತೂ ಅಮೆರ್ಸೂದಾ ಅವಳ ಹೊಟ್ಟೆಯನ್ನು ಒತ್ತಿ ಹಿಡಿದು, "ಅಕ್ಕಾ, ಇವಳನ್ನ ಕರ್ಕೋಬೇಡ ಕಣೇ" ಎಂದು ಬೇಡುತ್ತಲೇ ಇದ್ದಳು. ಕೊನೆಗೆ ಆ ಚೂರು ಹೊರಬಂತು. ತಟ್ಟೆಯಲ್ಲಿಟ್ಟರೆ ಹರಿದ ಜಾಗಕ್ಕೆ ಸರಿಯಾಗಿ ಕೂತಿತು. ರಕ್ತವೂ ನಿಂತಿತು. ಅಬ್ಬಾ, ಹೋದ ಜೀವ ಬಂದಂತಾಯಿತು ಎಲ್ಲರಿಗೂ!

ಡಾಕ್ಟರ್ ಗೋಡೆಗೊರಗಿ ಕುಸಿದು ನಗತೊಡಗಿದ. "ಅಜ್ಜಿ, ಒಂದು ತಮಾಷೆ ಗೊತ್ತಾ? ಇಂಗ್ಲಿಷ್ ಡಾಕ್ಟರುಗಳು ಮಾಸಿಗೆ ಪ್ಲಾಸೆಂಟಾ ಅಂತಾರೆ. ನಿಮ್ಮ ತಿಂಡಿ ಹೆಸರೇ! ನಮ್ಮ ಹಳಬರು ಚಪ್ಪಟೆ ತಿಂಡಿಗೆ ಪ್ಲಾಕೂಸ್ ಅಂತಿದ್ರು, ರೋಮಿನವರು ಅದನ್ನ ಪ್ಲಾಸೆಂಟಾ ಮಾಡ್ಕೊಂಡ್ರು. ಆಮೇಲೆ ಹೆಣ ಕೊಯ್ದು ನೋಡ್ತಿದ್ದ ಇಟಲಿ ವೈದ್ಯನೊಬ್ಬ, ಇದೂ ಹಾಗೇ ದುಂಡಗೆ ಚಪ್ಪಟೆಯಾಗಿದೆಯಲ್ಲ ಅಂತ ಅದೇ ಹೆಸರಿಟ್ಟ."

"ಇಷ್ಟೆಲ್ಲ ಓದ್ಕೊಂಡು, ತುಂಡು ಕಮ್ಮಿ ಇರೋದು ಕಾಣ್ಲಿಲ್ವಲ್ಲೋ ನಿಂಗೆ!"

"ಜಗಳ ಸಾಕು ಅಜ್ಜಿ," ಎಂದಳು ಮಲಗಿದ್ದಲ್ಲಿಂದಲೇ ರಾನಿಯಾ. "ನಂಗೆ ಹಸಿವಾಗ್ತಿದೆ."

ಅಮೆರ್ಸೂದಾ ಅಡುಗೆಮನೆಗೆ ಓಡಿದಳು. ಹಬ್ಬದವರೆಗೆ ಊರೆಲ್ಲ ಹಿಡಿಯುವ ಉಪವಾಸವೂ ಅವಳಿಗೆ ಮರೆತುಹೋಗಿತ್ತು. ಪ್ಲಾತ್ಸೆಂತಾ ಎಂದರೆ ಅಕ್ಕನಿಗೆ ಪ್ರಾಣ. ಅವಳು ಹೋದಮೇಲೆ ಇವಳು ವರ್ಷವರ್ಷವೂ ಬೇಯಿಸಿದ್ದಳೇ ಹೊರತು ಒಂದು ಚೂರನ್ನೂ ಬಾಯಿಗಿಟ್ಟವಳಲ್ಲ. ಇವತ್ತು ಬಾಣಂತಿಗೊಂದು ತುಂಡು, ಡಾಕ್ಟರಿಗೊಂದು ತುಂಡು ಕೊಟ್ಟು, ಮೂರನೆಯದನ್ನು ಗಳಗಳನೆ ಅಳುತ್ತಲೇ ತಾನು ತಿಂದಳು.