ಬೀಗರ ಗಡಿಗೆಗೆ ಅಪ್ಪ ಒಲ್ಲೆ ಎಂದ ದಿನ

ನಾನು ಚಿಕ್ಕವಳಿದ್ದಾಗ ಮಾನ್ವಿಯ ನಮ್ಮ ಓಣಿಯಿಂದ ಬಾವಿಗೆ ಹೋಗಬೇಕೆಂದರೂ ಸೇಂದಿ ಅಂಗಡಿ ದಾಟಬೇಕಿತ್ತು, ಚರ್ಚಿಗೆ ಹೋಗಬೇಕೆಂದರೂ ದಾಟಬೇಕಿತ್ತು. ಈಚಲ ಹೆಂಡದ ಆ ಹುಳಿ ವಾಸನೆ, ಗಡಿಗೆಗಳ ಮೇಲೆ ಗುಂಯ್‌ಗುಡುವ ನೊಣ. ಆ ಅಂಗಡಿಯನ್ನು ಅಲ್ಲಿ ಇಟ್ಟವರ ಮೇಲೆ ನನಗೆ ಈಗಲೂ ಸಿಟ್ಟಿದೆ. ದಣಿದವರು ಯಾವ ದಾರಿಯಲ್ಲಿ ಮನೆಗೆ ಬರುತ್ತಾರೆಂದು ನೋಡಿಯೇ ಇಟ್ಟಿದ್ದರು.

ಅಪ್ಪ ಕಲ್ಲು ಒಡೆಯುವ ಕೆಲಸ ಮಾಡುತ್ತಿದ್ದ. ಸಂಜೆ ಆ ಅಂಗಡಿ ಹೊಕ್ಕರೆ ತಾನಾಗಿ ಹೊರಗೆ ಬಂದವನಲ್ಲ. ಒಂದು ಮಳೆಗಾಲದಲ್ಲಿ ಚರ್ಚಿನಲ್ಲಿ ಎಲ್ಲರೆದುರು ಮೊಣಕಾಲೂರಿ, "ಯೇಸಪ್ಪಾ, ನನ್ನ ಕೈಲಿ ಆಗವಲ್ದು, ನೀನ ಬಿಡಸು" ಎಂದು ಬಿಕ್ಕಿ ಬಿಕ್ಕಿ ಅತ್ತ. ಅಂದಿನಿಂದ ಕುಡಿಯಲಿಲ್ಲ. ಸುಲಭವಾಗಿತ್ತು ಅಂದುಕೊಳ್ಳಬೇಡಿ. ಸಂಜೆಯಾದರೆ ಕೈ ನಡುಗುತ್ತಿತ್ತು, ಬೆವರು ಇಳಿಯುತ್ತಿತ್ತು. ಬಾಗಿಲ ಚೌಕಟ್ಟು ಹಿಡಿದು ನಿಂತು ಕತ್ತಲಾಗುವತನಕ ಪ್ರಾರ್ಥನೆ ಮಾಡುತ್ತಿದ್ದ.

ಮುಂದಿನ ಬೇಸಿಗೆಯಲ್ಲಿ, ಅಕ್ಕನನ್ನು ನೋಡಿ ಒಪ್ಪಿದ್ದ ದೇವದುರ್ಗದ ಬೀಗರು ಮಾತು ಗಟ್ಟಿ ಮಾಡಲು ಬಂದರು. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಬದನೆ ಎಣ್ಣೆಗಾಯಿ, ಶೇಂಗಾ ಹಿಂಡಿ, ಮನೆಯೆಲ್ಲ ಘಮಘಮ. ನಮ್ಮವರಲ್ಲಿ ಒಂದು ಪದ್ಧತಿಯಿತ್ತು. ಹೆಣ್ಣಿನ ಅಪ್ಪ, ಗಂಡಿನ ಅಪ್ಪ ಒಂದೇ ಗಡಿಗೆಯ ಸೇಂದಿ ಕುಡಿಯದೆ ಸಂಬಂಧ ಕೂಡಿದಂತಲ್ಲ. ಚರ್ಚಿಗೆ ಬಂದ ಮೇಲೂ ಜನ ಅದನ್ನು ಬಿಟ್ಟಿರಲಿಲ್ಲ. ಅಪ್ಪ ಬೆಲ್ಲದ ಪಾನಕ ಮಾಡಿಸಿದ್ದ. ಬೀಗರು ಗಡಿಗೆ ಹೊತ್ತು ತಂದಿದ್ದರು.

ಗಂಡಿನ ಅಪ್ಪ ಪಾನಕದ ಚರಿಗೆಯನ್ನು ಕಾಲಿನಿಂದ ಸರಿಸಿದ. "ಗಡಿಗಿ ಮುಟ್ಟಲಾರದ ಬೀಗತನ ಎಂಥಾದ್ರಿ? ನಮಗ ಮರ್ಯಾದಿ ಅದನೋ ಇಲ್ಲೋ?"

ನಮ್ಮ ದೊಡ್ಡಪ್ಪ ಅಪ್ಪನ ಬೆನ್ನು ಸವರಿದ. "ಒಂದ ಗುಟುಕು ಕುಡಿಯಪಾ ತಮ್ಮಾ. ಮಗಳ ಸಲುವಾಗಿ. ಯೇಸಪ್ಪ ಏನ್ ಸಿಟ್ಟಾಗಂಗಿಲ್ಲ."

ಬೈದಿದ್ದರೆ ಅಪ್ಪ ತಡೆದುಕೊಳ್ಳುತ್ತಿದ್ದ. ಮಗಳ ಹೆಸರು ಎತ್ತಿದರು ನೋಡಿ, ಅವನ ಕೈ ಗಡಿಗೆಯತನಕ ಹೋಯಿತು. ಇವತ್ತು ಕುಡಿದರೆ ನಾಳೆಯೂ ಕುಡಿಯುತ್ತಾನೆಂದು ಅಲ್ಲಿ ಕೂತ ಎಲ್ಲರಿಗೂ ಗೊತ್ತಿತ್ತು. ಗೊತ್ತಿದ್ದೂ ಕುಡಿಸಲು ಕೂತಿದ್ದರು!

ಅಪ್ಪ ಕಣ್ಣು ಮುಚ್ಚಿದ. ತುಟಿ ಅಲುಗಿತು. ಆಮೇಲೆ ಗಡಿಗೆಯನ್ನು ಮೆಲ್ಲಗೆ ಬೀಗರ ಮುಂದಕ್ಕೆ ದೂಡಿ, "ಒಲ್ಲೆನ್ರಿ. ಇಷ್ಟು ವರ್ಷ ಇದರ ಆಳಾಗಿ ದುಡದೀನಿ. ಯೇಸಪ್ಪ ಬಿಡಿಸ್ಯಾನ. ಮತ್ತ ಹೋಗಂಗಿಲ್ಲ" ಎಂದ.

"ಹಂಗಾರ ಮಗಳನ್ನ ಮನ್ಯಾಗ ಇಟ್ಕೋರಿ" ಎಂದು ಗಂಡಿನ ಅಪ್ಪ ಎದ್ದ.

ಒಳಗೆ ರೊಟ್ಟಿ ಬಡಿಯುತ್ತಿದ್ದ ಅಕ್ಕ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. ಬೀಗರೆದುರು ಹೆಣ್ಣು ಬಾಯಿ ತೆರೆಯುವ ಕಾಲವಲ್ಲ ಅದು. "ಇಟ್ಕೋತಾನ್ರಿ. ಬಿಟ್ಟವರಿಗೆ ಕುಡಿಸಾಕ ಬರೋ ಮನಿ ನನಗೂ ಬ್ಯಾಡ. ನಿಮ್ಮ ಗಡಿಗಿ ತಗೊಂಡು ನಡೀರಿ!"

ನಡೆದೇಬಿಟ್ಟರು. ಗಡಿಗೆ ಹೊತ್ತುಕೊಂಡು ದೊಡ್ಡಪ್ಪನೂ ಅವರ ಹಿಂದೆಯೇ ಹೋದ. ಅವ್ವ ಗೋಡೆಗೆ ಒರಗಿ ಅತ್ತಳು. ಆಡಿಕೊಳ್ಳುವವರ ಬಾಯಿಗೆ ಆಹಾರವಾದೆವು. ಅಕ್ಕನ ಮದುವೆಗೆ ಬಹಳ ಕಾಲ ಹಿಡಿಯಿತು. ಅವರ ಮೇಲಿನ ನನ್ನ ಸಿಟ್ಟೂ ಇನ್ನೂ ಆರಿಲ್ಲ. ಆದರೆ ಆ ಸಂಜೆ ಅಪ್ಪ ಅಕ್ಕನನ್ನೂ ನನ್ನನ್ನೂ ಪಕ್ಕದಲ್ಲಿ ಕೂಡಿಸಿಕೊಂಡು ಹೊಟ್ಟೆ ತುಂಬ ಉಂಡ. ರೊಟ್ಟಿ ಮುರಿಯುವಾಗ ಅವನ ಕೈ ನಡುಗಲಿಲ್ಲ.

ಈಗ ರಾಯಚೂರಿನ ಮನೆಯಲ್ಲಿ ಫ್ಯಾನಿನ ಕೆಳಗೆ ಕೂತು ಇದನ್ನೆಲ್ಲ ಕೇಳಿದ ನೀವು, "ಅಜ್ಜೀ, ಒಂದ್ ಗುಟುಕು ಕುಡದಿದ್ರ ಏನಾಗ್ತಿತ್ತು?" ಎನ್ನುತ್ತೀರಿ. ನನಗೆ ಮೈಯೆಲ್ಲ ಉರಿಯುತ್ತದೆ. ನಮ್ಮ ಅಪ್ಪನನ್ನು ಒಂದು ಕಡೆ ಅಕ್ಕ, ಇನ್ನೊಂದು ಕಡೆ ನಾನು ಹಿಡಿದು ಚರಂಡಿಯ ಪಕ್ಕದಿಂದ ಮನೆಗೆ ಎಳೆದು ತಂದಿದ್ದೇವೆ. ನಿಮ್ಮ ಅಪ್ಪ ಸಂಜೆ ಗಾಡಿ ನಿಲ್ಲಿಸಿ, ಬಾಳೆಹಣ್ಣು ಹಿಡಿದು, ನಿಮ್ಮನ್ನು ಕೂಗುತ್ತಾ ಒಳಗೆ ಬರುತ್ತಾನೆ. ಅವನನ್ನು ನೀವು ಎಂದೂ ಎಳೆದು ತಂದಿಲ್ಲ. ಅದಕ್ಕೇ ಒಂದು ಗುಟುಕು ನಿಮಗೆ ಅಷ್ಟು ಸಣ್ಣದು.