ಅಪ್ಪಯ್ಯನ ಬೋಟಿನ ಮೀಟರ್

ದೆವ್ವ, ಶಕುನ, ಕನಸಿನ ಸೂಚನೆ ಇವುಗಳ ಮಾತೆತ್ತಿದರೆ ಎದ್ದು ಹೋಗುವ ಜಾತಿಯವನು ನಾನು. ಕೋಟೇಶ್ವರದಲ್ಲಿ ಬಸ್ಸು, ಲಾರಿಗಳ ವೈರಿಂಗ್ ಮಾಡಿಕೊಂಡು ಇಪ್ಪತ್ತೈದು ವರ್ಷ ಕಳೆದಿದ್ದೇನೆ. ನನ್ನ ಲೆಕ್ಕದಲ್ಲಿ ವೈರು ತುಂಡಾಗಿದ್ದರೆ ಕರೆಂಟು ಹರಿಯುವುದಿಲ್ಲ, ಕರೆಂಟು ಹರಿಯದೆ ಮೀಟರಿನ ಮುಳ್ಳು ಅಲುಗುವುದಿಲ್ಲ. ಆ ನಂಬಿಕೆ ಈಗಲೂ ಇದೆ. ಹಾಗಿದ್ದೂ ಗಂಗೊಳ್ಳಿ ಬಂದರಿನಲ್ಲಿ ಹಾಡಹಗಲೇ ನನ್ನ ಕಣ್ಣೆದುರು ನಡೆದದ್ದನ್ನು ಬರೆಯುತ್ತಿದ್ದೇನೆ. ನಗುವವರು ನಗಲಿ, ಬೇರೆಯವರು ಹೇಳಿದ್ದರೆ ನಾನೂ ನಗುತ್ತಿದ್ದೆ.

ಆರು ವರ್ಷದ ಹಿಂದಿನ ಮಾತು. ಮಳೆಗಾಲ ಮುಗಿದು ಬೋಟುಗಳು ಕಡಲಿಗಿಳಿದ ಹೊಸತು. ನಾಗರಾಜ ಎಂಬ ಬೋಟಿನ ಯಜಮಾನ ನನ್ನನ್ನು ಕರೆಸಿದ್ದ. ಅವನ ಡೀಸೆಲ್ ಮೀಟರ್ ಹುಚ್ಚು ಹಿಡಿದ ಹಾಗೆ ಆಡುತ್ತಿತ್ತಂತೆ.

"ಹ್ವಾಯ್, ಟ್ಯಾಂಕ್ ತುಂಬ್ಸಿರೆ ಮುಳ್ಳ್ ಇಳೀತ್, ಬೋಟ್ ಸುಮ್ನೆ ನಿಂತಿಪ್ಪತಿಗೆ ಏರ್ತ್. ಎಂತ ಅಂದೇಳಿ ಕಾಣಿ," ಅಂದ.

ಅಲ್ಲಿಯವರು ಟ್ಯಾಂಕಿಗೆ ಕೋಲು ಅದ್ದಿ, ಅದು ಎಷ್ಟು ನೆನೆದಿದೆ ಎಂದು ನೋಡಿ ಡೀಸೆಲ್ ಅಂದಾಜು ಮಾಡುವವರು. "ಕೋಲಿದ್ದವನಿಗೆ ಮೀಟರ್ ಯಾಕೆ ಮಾರಾಯ, ಶೋಕಿಗಾ?" ಎಂದು ಕಿಚಾಯಿಸುತ್ತಲೇ ಕೆಲಸಕ್ಕೆ ಕೂತೆ. ಮೊದಲು ಬ್ಯಾಟರಿಯ ವೈರು ಬಿಡಿಸಿದೆ. ಆಮೇಲೆ ಟ್ಯಾಂಕಿನೊಳಗೆ ಡೀಸೆಲ್ ಮೇಲೆ ತೇಲುವ ಬುರುಡೆಯನ್ನು ಅದರ ಸರಳಿನ ಸಮೇತ ಹೊರತೆಗೆದು ಗೋಣಿಯ ಮೇಲೆ ಇಟ್ಟೆ. ಅಲ್ಲಿಗೆ ಮೀಟರಿಗೂ ಟ್ಯಾಂಕಿಗೂ ಇದ್ದ ನಂಟು ಕಡಿದುಹೋಯಿತು. ಮುಳ್ಳು ಅರ್ಧದಲ್ಲಿ ನಿಂತಿತ್ತು.

ಹತ್ತು ನಿಮಿಷವೂ ಆಗಿರಲಿಲ್ಲ. ಕ್ಯಾಬಿನ್ನಿನಿಂದ ನಾಗರಾಜ ಕೂಗಿದ, "ಮುಳ್ಳ್ ಇಳೀತಾ ಇತ್ತ್!"

ಬಿಸಿಲಿಗೆ ಸಡಿಲಾಗಿರಬೇಕು ಎಂದುಕೊಂಡು ಹೋದೆ. ಮೀಟರನ್ನೇ ಬಿಚ್ಚಿ, ಹಿಂದಿನ ಎರಡೂ ವೈರು ಕಿತ್ತು ಅಂಗೈಯಲ್ಲಿ ಹಿಡಿದೆ. ಅಡ್ಡ ಹಿಡಿದೆ, ಉದ್ದ ಹಿಡಿದೆ, ತಲೆಕೆಳಗು ಮಾಡಿದೆ. ಹೇಗೆ ಹಿಡಿದರೂ ಮುಳ್ಳು ತನ್ನ ಪಾಡಿಗೆ ಕಾಲು ಭಾಗದ ಗೆರೆಯತ್ತ ಇಳಿಯುತ್ತಲೇ ಇತ್ತು. ಸುಳ್ಳು ಯಾಕೆ ಹೇಳಲಿ, ಹೆದರಿಕೆಗಿಂತ ಹೆಚ್ಚಾಗಿ ಒಂಥರಾ ಹುರುಪು ಬಂದಿತ್ತು. ಇಂಥದ್ದನ್ನು ಬೇರೆ ಯಾವ ಮೆಕ್ಯಾನಿಕ್ ನೋಡಿದ್ದಾನೆ!

ನಾಗರಾಜನ ಮುಖ ಮಾತ್ರ ಬಿಳುಚಿತ್ತು. "ಇದ್ ಅಪ್ಪಯ್ಯನ್ ಬೋಟಿನ್ ಮೀಟರ್," ಅಂದ. "ಪಾಲ್ ಮಾಡ್ವತಿಗೆ ಇದ್ ನಂಗ್ ಬಂತ್. ಟ್ಯಾಂಕ್ ಅಣ್ಣನ್ ಬೋಟಂಗಿತ್ತ್."

ತಂದೆ ತೀರಿದ ಮೇಲೆ ಅಣ್ಣ ತಮ್ಮ ಜಗಳವಾಡಿ, ಹಳೆಯ ಬೋಟನ್ನು ಬಿಚ್ಚಿ, ಮೀಟರ್ ತಮ್ಮನಿಗೆ, ಅದರ ಟ್ಯಾಂಕು ಅಣ್ಣನಿಗೆ ಎಂದು ಹಂಚಿಕೊಂಡಿದ್ದರು. ಎರಡು ವರ್ಷದಿಂದ ಮಾತಿರಲಿಲ್ಲ, ಒಂದೇ ಬಂದರಿನಲ್ಲಿ ಮುಖ ತಿರುಗಿಸಿ ಓಡಾಡುತ್ತಿದ್ದರು. ಅಣ್ಣ ಶೇಖರ ಆ ಹೊತ್ತಿಗೆ ಏಳು ಜನರನ್ನು ಕರೆದುಕೊಂಡು ತ್ರಾಸಿ ಎದುರಿನ ಕಡಲಿನಲ್ಲಿದ್ದ. ಬಂದರಿಗೆ ಬರಬೇಕಾದರೆ ಅಳಿವೆ ದಾಟಬೇಕು. ನದಿ ಕಡಲು ಸೇರುವ ಆ ಜಾಗದಲ್ಲಿ ಅಂದು ಅಲೆ ಎದ್ದು ಒಡೆಯುತ್ತಿತ್ತು. ಅಲ್ಲಿ ಎಂಜಿನ್ ನಿಂತರೆ ಬೋಟು ಮಗುಚಿದ ಹಾಗೆಯೇ.

ನಾಗರಾಜ ಫೋನ್ ತೆಗೆದ. ಹೆಬ್ಬೆರಳು ಅಣ್ಣನ ಹೆಸರಿನ ಮೇಲೆ ನಿಂತುಬಿಟ್ಟಿತು. ಕೆಟ್ಟ ಮೀಟರಿನ ಮಾತು ಕೇಳಿ ಫೋನ್ ಮಾಡಿದನೆಂದು ಊರೆಲ್ಲ ಆಡಿಕೊಂಡು ನಗಬಹುದು. "ಮಾಡು ಮಾರಾಯ!" ಎಂದು ಕಿರುಚಿದವನು ನಾನೇ.

ಎರಡನೇ ಸಲಕ್ಕೆ ಶೇಖರ ಎತ್ತಿದ. "ಎಂತ?" ಅಷ್ಟೇ.

"ಅಣ್ಣ, ಟ್ಯಾಂಕಿಗ್ ಕೋಲ್ ಹಾಕಿ ಕಾಣ್."

"ಬೆಳಿಗ್ಗೆ ಕಂಡಿದೆ. ಬೇಕಾದಷ್ಟಿತ್ತ್."

"ಈಗ್ ಕಾಣ್. ನಿನ್ ಕಾಲ್ ಹಿಡಿತೆ."

ಗಾಳಿಯ ನಡುವೆ ಟ್ಯಾಂಕಿನ ಮುಚ್ಚಳ ತೆರೆದ ಸದ್ದು. ಆಮೇಲೆ ಶೇಖರನ ಕೂಗು ನನಗೂ ಕೇಳಿಸಿತು. "ಅಡಿ ಹಿಡ್ದಿತ್ತ್ ಮಾರಾಯ! ನಿಂಗ್ ಹ್ಯಾಂಗ್ ಗೊತ್ತಾಯ್ತ್?"

"ಕಡಿಗ್ ಹೇಳ್ತೆ. ಬೋಟ್ ತಿರ್ಗ್ಸ್. ನಾ ಹಗ್ಗ ತಕಂಡ್ ಬತ್ತೆ!"

ನಾನು ಬ್ಯಾಟರಿಗೆ ವೈರು ಕೊಟ್ಟು, ಟ್ಯಾಂಕಿನ ತೂತಿಗೆ ಬಟ್ಟೆ ತುರುಕುವಷ್ಟರಲ್ಲಿ ಎಂಜಿನ್ ಗುಡುಗಿತು. ಇಳಿಯಲು ಪುರುಸೊತ್ತೇ ಸಿಗಲಿಲ್ಲ. ಕಡಲ ದಡದಲ್ಲೇ ಹುಟ್ಟಿದರೂ ನಾನು ಅಳಿವೆ ದಾಟಿದ್ದು ಅದೇ ಮೊದಲು. ಬೋಟು ಮೇಲೇರಿ ಬೀಳುವಾಗ ಬೆಳಗಿನ ಇಡ್ಲಿ ಕಡಲಿಗೆ ಸಂದಾಯವಾಯಿತು. ಮೀಟರನ್ನು ಮಾತ್ರ ಎದೆಗೆ ಒತ್ತಿ ಹಿಡಿದಿದ್ದೆ.

ಅಳಿವೆಯ ಹೊರಗೆ ಕಾಯುತ್ತಿದ್ದಾಗ ಉತ್ತರದಿಂದ ಶೇಖರನ ಬೋಟು ಬಂತು. ಇನ್ನು ನೂರು ಮಾರು ದೂರವಿರುವಾಗ ಮೀಟರ್ ನೋಡಿದೆ. ಮುಳ್ಳು ಕೊನೆಯ ಗೆರೆ ಮುಟ್ಟಿತು. ತಲೆ ಎತ್ತಿದೆ. ಅತ್ತ ಆ ಎಂಜಿನ್ ಎರಡು ಸಲ ಕೆಮ್ಮಿ ಸುಮ್ಮನಾಯಿತು.

ನಾಗರಾಜ ಬೋಟನ್ನು ಹತ್ತಿರ ತಂದ. ಅವನು ಮೊದಲು ಎಸೆದ ಹಗ್ಗ ನೀರಿಗೆ ಬಿತ್ತು, ಎರಡನೆಯದನ್ನು ಶೇಖರನೇ ಹಿಡಿದ. ಅಲೆಗಳ ನಡುವೆ ಎಳೆದುಕೊಂಡು ಒಳಗೆ ಬಂದಾಗ ಎರಡೂ ಬೋಟಿನವರು ಬೊಬ್ಬೆ ಹೊಡೆದರು. ನನ್ನ ಬೊಬ್ಬೆಯೇ ಜೋರಾಗಿತ್ತಂತೆ.

ದಡದಲ್ಲಿ ನೋಡಿದರೆ ಟ್ಯಾಂಕಿನ ಬೆಸುಗೆ ಬಿಟ್ಟು, ಡೀಸೆಲೆಲ್ಲ ಬೋಟಿನ ತಳದಲ್ಲಿ ನಿಂತಿತ್ತು. ಶೇಖರ ಎಲ್ಲ ಕೇಳಿ, "ಆ ಮೀಟರ್ ನಂಗ್ ಕೊಡ್," ಅಂದ.

"ಕೊಡುದಿಲ್ಲೆ," ಅಂದ ನಾಗರಾಜ. "ಟ್ಯಾಂಕ್ ನಿನ್ನತ್ರ ಇರ್ಲಿ. ಮುಳ್ಳ್ ನಾ ಕಾಣ್ತೆ."

ಶೇಖರ ತಮ್ಮನ ಹೆಗಲ ಮೇಲೆ ಕೈ ಇಟ್ಟು ಬಹಳ ಹೊತ್ತು ತೆಗೆಯಲಿಲ್ಲ.

ಒಂದು ರಾತ್ರಿಯ ಮಟ್ಟಿಗೆ ಮೀಟರನ್ನು ಅಂಗಡಿಗೆ ತಂದು ಬಿಚ್ಚಿದೆ. ಒಳಗಿನ ಸುರುಳಿ ಎಂದೋ ಸುಟ್ಟು ಕರಕಲಾಗಿತ್ತು. ವೈರು ಕೊಟ್ಟರೂ ಮುಳ್ಳು ಅಲುಗುವಂತಿರಲಿಲ್ಲ. ನಾಗರಾಜನ ಟ್ಯಾಂಕಿಗೆ ಹೊಸ ಮೀಟರ್ ಹಾಕಿಕೊಟ್ಟೆ. ಹಳೆಯದನ್ನು ವೈರಿಲ್ಲದೆ ಅದರ ಪಕ್ಕದಲ್ಲೇ ಕೂರಿಸಿದೆ.

ಕಳೆದ ವಾರ ಅವನ ಕ್ಯಾಬಿನ್ನಿನಲ್ಲಿ ಕೂತು ಚಾ ಕುಡಿಯುತ್ತಿದ್ದೆ. ಹಳೆಯ ಮೀಟರಿನ ಮುಳ್ಳು ಕಾಲು ಭಾಗದಿಂದ ಮೆಲ್ಲಗೆ ಏರತೊಡಗಿತು.

"ಅಣ್ಣ ಈಗ್ ಡೀಸೆಲ್ ಹಾಕ್ಸ್ತಿದ್ದ," ಅಂದ ನಾಗರಾಜ, ಬಿಸ್ಕೆಟ್ ಮುರಿಯುತ್ತ.

ಎದ್ದು ನಾಲ್ಕು ಹೆಜ್ಜೆ ಇಟ್ಟಿದ್ದರೆ ಶೇಖರನ ಬೋಟು ಕಾಣುತ್ತಿತ್ತು, ನಿಜವೋ ಸುಳ್ಳೋ ತಿಳಿಯುತ್ತಿತ್ತು. ಟೆಸ್ಟರ್ ಹಿಡಿಯದೆ ಯಾವುದನ್ನೂ ಒಪ್ಪದ ನಾನು ಕೂತಲ್ಲಿಂದ ಏಳಲಿಲ್ಲ.